ಬೀವರ್ ಕೊಳಗಳ ಮೇಲೆ ಕಣ್ಣಿಡಲು ಯಾವ ಡ್ರೋನ್ ಮೇಲು?

ಬೀವರ್ ಎಂದರೆ ಕೊಂಬೆ, ಕೆಸರಿನಿಂದ ತೊರೆಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸುವ ಪ್ರಾಣಿ. ಉತ್ತರದ ಮರವಿಲ್ಲದ ಶೀತ ಬಯಲಾದ ಟಂಡ್ರಾದಲ್ಲಿ ಅದರ ಕೊಳ ಎಲ್ಲಿದೆ ಎಂದು ಹುಡುಕುವುದಕ್ಕೆ ಡ್ರೋನ್ ಬೇಕಿಲ್ಲ, ಉಪಗ್ರಹವೇ ಸಾಕು. ಪಶ್ಚಿಮ ಅಲಾಸ್ಕಾದಲ್ಲಿ 11,000ಕ್ಕೂ ಹೆಚ್ಚು ಕೊಳಗಳು ಲೆಕ್ಕಕ್ಕೆ ಸಿಕ್ಕಿದ್ದು ಉಪಗ್ರಹ ಚಿತ್ರಗಳಿಂದಲೇ. ಅದೇ ನೆಲದ 1950ರ ಆಸುಪಾಸಿನ ವೈಮಾನಿಕ ಚಿತ್ರಗಳಲ್ಲಿ ಇವುಗಳ ಸುಳಿವೇ ಇಲ್ಲ. ಆದರೆ ಉಚಿತವಾಗಿ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚುಕ್ಕಿ (ಪಿಕ್ಸೆಲ್) ಎಂದರೆ ನೆಲದ ಮೇಲೆ 10 ಮೀಟರ್. ಬೀವರ್ ಕಟ್ಟೆಯ ದಪ್ಪವೋ ಒಂದೆರಡು ಮೀಟರ್. ನೀರು ಕಾಣುತ್ತದೆ, ಕಟ್ಟೆ ಕಾಣುವುದಿಲ್ಲ. ಕೊಳದಲ್ಲಿ ಪ್ರಾಣಿ ಇದೆಯೋ, ಬಿಟ್ಟುಹೋಗಿದೆಯೋ ಎಂಬುದಂತೂ ಗೊತ್ತಾಗುವುದೇ ಇಲ್ಲ.

ಅದನ್ನು ತಿಳಿಯಲೆಂದೇ ಅಲಾಸ್ಕಾದ ಸೀವರ್ಡ್ ಪರ್ಯಾಯ ದ್ವೀಪದಲ್ಲಿ, ನೋಮ್ ಪಟ್ಟಣದ ಹೊರಗಿನ ತೊರೆಗಳ ಮೇಲೆ ಮೂರು ಬಗೆಯ ಸಾಧನಗಳನ್ನು ಹಾರಿಸಿ ನೋಡಿದ್ದೇನೆ.

ಮೊದಲು ವಿಮಾನದಂಥ ಸ್ಥಿರ ರೆಕ್ಕೆಯ ಡ್ರೋನ್. ಒಂದೇ ಬ್ಯಾಟರಿಯಲ್ಲಿ ಇಡೀ ಕಣಿವೆ ಮುಗಿಸುವ ತಾಕತ್ತು ಅದಕ್ಕಿದೆ. ಆದರೆ ಅಮೆರಿಕದ ಸಾಮಾನ್ಯ ನಿಯಮದ ಪ್ರಕಾರ ಡ್ರೋನ್ ಹಾರಿಸುವವರ ಕಣ್ಣಳತೆಯಲ್ಲೇ ಇರಬೇಕು, ಆ ತಾಕತ್ತು ಅರ್ಧಕ್ಕರ್ಧ ವ್ಯರ್ಥ. ಇಳಿಸುವುದು ಇನ್ನೊಂದು ತಲೆನೋವು: ಸುತ್ತ ಎಲ್ಲಿ ನೋಡಿದರೂ ಹುಲ್ಲಿನ ಗುಪ್ಪೆ ಮತ್ತು ಕೆಸರು, ಸಮತಟ್ಟಾದ ಜಾಗವೇ ಇಲ್ಲ.

ನಾಲ್ಕು ಪಂಖಗಳ ಸಣ್ಣ ಡ್ರೋನ್, ಸಾದಾ ಕ್ಯಾಮೆರಾ: ನನ್ನ ಮತ ಇದಕ್ಕೇ. ನೂರು ಮೀಟರ್ ಎತ್ತರದಿಂದ ಒಂದು ಚುಕ್ಕಿಗೆ ಸುಮಾರು ಮೂರು ಸೆಂಟಿಮೀಟರ್ ಸಿಗುತ್ತದೆ. ಕಟ್ಟೆಯ ಮೇಲೆ ಹೊಸದಾಗಿ ಮೆತ್ತಿದ ಕಪ್ಪು ಕೆಸರು, ತೊಗಟೆ ಸುಲಿದ ಬಿಳಿ ಕಡ್ಡಿಗಳು ಎದ್ದು ಕಾಣುತ್ತವೆ. ಸೆಪ್ಟೆಂಬರ್ ಕೊನೆಯೇ ಸರಿಯಾದ ಕಾಲ. ವಿಲ್ಲೋ ಪೊದೆಗಳ ಎಲೆ ಉದುರಿರುತ್ತದೆ, ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಚಳಿಗಾಲಕ್ಕೆಂದು ಬೀವರ್‌ಗಳು ಗೂಡಿನ ಪಕ್ಕ ನೀರಿನಲ್ಲಿ ಒಟ್ಟುವ ಕೊಂಬೆಗಳ ರಾಶಿ ಆಗ ಮೇಲಿನಿಂದ ಸ್ಪಷ್ಟ. ಆ ರಾಶಿ ಕಂಡರೆ ಕೊಳದಲ್ಲಿ ಸಂಸಾರ ಇದೆ ಎಂದೇ ಲೆಕ್ಕ. ಬೇಸಿಗೆಯಲ್ಲಿ ಡ್ರೋನ್ ಮೇಲೆ ಎರಗಲು ಬರುವ ಜೇಗರ್ ಹಕ್ಕಿಗಳೂ ಅಷ್ಟರಲ್ಲಿ ಕಡಲಿನತ್ತ ಹೊರಟಿರುತ್ತವೆ. ಹಾರಿಸಲು ಮೋಡ ಮುಸುಕಿದ ದಿನವೇ ವಾಸಿ. ಬಿಸಿಲಿದ್ದರೆ ನೀರಿನ ಹೊಳಪು ಎಲ್ಲವನ್ನೂ ನುಂಗಿಬಿಡುತ್ತದೆ.

ಇದಕ್ಕೂ ಮಿತಿಯಿದೆ. ಚಿತ್ರಗಳನ್ನು ಜೋಡಿಸಿ ಮೂರು ಆಯಾಮದ ನಕ್ಷೆ ಮಾಡಿದರೆ ನೆಲ ಚೆನ್ನಾಗಿ ಬರುತ್ತದೆ, ನೀರಿನ ಮೇಲ್ಮೈ ಮಾತ್ರ ಸುಟ್ಟ ಹಪ್ಪಳದಂತೆ ಉಬ್ಬುತಗ್ಗಾಗುತ್ತದೆ. ಹಾಗಾಗಿ ನೀರಿನ ಮಟ್ಟವನ್ನು ದಡದ ಅಂಚಿನಿಂದಲೇ ಓದಬೇಕು. ಬ್ಯಾಟರಿ ಚಳಿಗೆ ಬೇಗ ಸೋಲುತ್ತದೆ. ಹಾರಿಸುವವರೆಗೂ ಅಂಗಿಯ ಒಳಜೇಬೇ ಅದರ ಜಾಗ.

ಶಾಖ ಹಿಡಿಯುವ ಥರ್ಮಲ್ ಕ್ಯಾಮೆರಾ ಬೆಲೆಯಲ್ಲಿ ಎಲ್ಲಕ್ಕಿಂತ ಮೇಲು, ಬೇಸಿಗೆಯ ಉಪಯೋಗದಲ್ಲಿ ಎಲ್ಲಕ್ಕಿಂತ ಕೆಳಗೆ. ಮಧ್ಯಾಹ್ನ ಗೂಡು, ಒಣ ಹುಲ್ಲು, ಕೆಸರು ಎಲ್ಲವೂ ಒಂದೇ ಬಣ್ಣದಲ್ಲಿ ಬೆಳಗುತ್ತವೆ. ಹಿಮ ಮುಚ್ಚಿರುವ ಏಪ್ರಿಲ್‌ನಲ್ಲಿ ಮಾತ್ರ ಅದರ ಗತ್ತೇ ಬೇರೆ. ಕಟ್ಟೆಯ ಕೆಳಗೆ ಹೆಪ್ಪುಗಟ್ಟದೆ ಹರಿಯುವ ನೀರಿನ ಗೆರೆಯನ್ನು ಅದು ಒಂದೇ ನೋಟಕ್ಕೆ ತೋರಿಸುತ್ತದೆ. ಕೊಳದ ನೀರು ಚಳಿಗಾಲದುದ್ದಕ್ಕೂ ಬಿಸುಪು ಹಿಡಿದಿಟ್ಟು, ಅಡಿಯ ಹೆಪ್ಪುನೆಲವನ್ನು (ವರ್ಷಗಟ್ಟಲೆ ಹೆಪ್ಪುಗಟ್ಟಿಯೇ ಇರುವ ಮಣ್ಣನ್ನು) ಕರಗಿಸುತ್ತದೆ. ಆ ಕರಗುವಿಕೆಯೇ ನಿಮ್ಮ ಅಧ್ಯಯನದ ವಿಷಯವಾದರೆ ಥರ್ಮಲ್‌ಗೆ ದುಡ್ಡು ಸುರಿಯಬಹುದು. ಬೀವರ್ ಇದೆಯೇ ಇಲ್ಲವೇ ಎಂದಷ್ಟೇ ತಿಳಿಯಬೇಕಿದ್ದರೆ, ಆ ಹಣಕ್ಕೆ ಸಾದಾ ಡ್ರೋನ್‌ನ ಹೆಚ್ಚುವರಿ ಬ್ಯಾಟರಿಗಳನ್ನು ಕೊಳ್ಳಿ.