ಪೆಟ್ಟಿಗೆ ಗಟ್ಟಿ, ಕೈಪಿಡಿ ಟೊಳ್ಳು

ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆಂದು ಮೈಸೂರಿನ ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ 650 ರೂಪಾಯಿ ಕೊಟ್ಟು ‘ಕೆಲಸ ಮತ್ತು ಶಕ್ತಿ’ ಪಾಠದ ಪ್ರಯೋಗ ಪೆಟ್ಟಿಗೆಯನ್ನು ತಂದೆ. ಗೋಲಿ ಉರುಳಿಸುವ ಇಳಿಜಾರು ಹಳಿ, ಎರಡು ಸ್ಪ್ರಿಂಗ್, ಕೈಯಿಂದ ತಿರುಗಿಸುವ ಚಿಕ್ಕ ಡೈನಮೋ, ಒಂದು ಎಲ್‌ಇಡಿ, ಕನ್ನಡದ ಕೈಪಿಡಿ ಇಷ್ಟು ಅದರಲ್ಲಿವೆ. ಸಾಮಾನುಗಳ ಬಗ್ಗೆ ದೂರಿಲ್ಲ.

ದೂರಿರುವುದು ಕೈಪಿಡಿಯ ಮೇಲೆ. 30 ವರ್ಷ ಪ್ರೌಢಶಾಲೆಯಲ್ಲಿ ಯಾವ ತಪ್ಪು ಕಲ್ಪನೆಯನ್ನು ಮಕ್ಕಳ ತಲೆಯಿಂದ ಬಿಡಿಸಲು ಹೆಣಗಿದೆನೋ ಅದನ್ನೇ ಇದು ಅಚ್ಚು ಹಾಕಿಸಿ ಕೊಟ್ಟಿದೆ. ‘ಗೋಲಿ ನಿಂತಾಗ ಅದರ ಶಕ್ತಿ ಮುಗಿಯುತ್ತದೆ’ ಎಂದು ಮೂರನೇ ಪುಟ ಹೇಳಿದರೆ, ಐದನೇ ಪುಟದಲ್ಲಿ ಶಕ್ತಿ ನಾಶವಾಗದು, ರೂಪವಷ್ಟೇ ಬದಲಿಸುತ್ತದೆ ಎನ್ನುವ ಶಕ್ತಿ ಸಂರಕ್ಷಣಾ ನಿಯಮವಿದೆ. ಎರಡರಲ್ಲಿ ಯಾವುದನ್ನು ನಂಬಬೇಕೆಂದು ಮೊಮ್ಮಗಳು ಕೇಳಿದ್ದು ನ್ಯಾಯವಾಗಿಯೇ ಇತ್ತು. 20 ಗ್ರಾಂ ತೂಕದ ಗೋಲಿ ಅರ್ಧ ಮೀಟರ್ ಎತ್ತರದಿಂದ ಇಳಿದಾಗ ಲೆಕ್ಕಕ್ಕೆ ಸಿಗುವ ಶಕ್ತಿ ಸುಮಾರು 0.1 ಜೂಲ್ (ಜೂಲ್ ಎಂದರೆ ಶಕ್ತಿಯ ಅಳತೆಮಾನ). ಘರ್ಷಣೆಯಿಂದ ಅದು ಶಾಖವಾಗಿ ಹಂಚಿಹೋಗುತ್ತದೆ. ಅಷ್ಟೂ ಗೋಲಿಯಲ್ಲೇ ಉಳಿದರೂ ತಾಪ ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟೂ ಏರದು. ಮುಟ್ಟಿದರೆ ತಿಳಿಯುವುದಿಲ್ಲವಾದ್ದರಿಂದಲೇ ಮಕ್ಕಳು ‘ಮುಗಿಯಿತು’ ಎನ್ನುತ್ತಾರೆ. ಇಷ್ಟು ಬರೆಯಲು ಜಾಗವಿಲ್ಲದ ಕೈಪಿಡಿಯಲ್ಲಿ ಕಂಪನಿಯ ಜಾಹೀರಾತಿಗೆ ಎರಡು ಪುಟ ಸಿಕ್ಕಿದೆ.

‘ಸ್ಪ್ರಿಂಗ್ ಗೋಲಿಯ ಮೇಲೆ ಶಕ್ತಿ ಹಾಕುತ್ತದೆ’ ಎಂಬ ವಾಕ್ಯವೂ ಇದೆ. ಅಲ್ಲಿರಬೇಕಾದ ಪದ ಬಲ. ಮನೆಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಒಂದರ ಬದಲು ಇನ್ನೊಂದು ನಡೆದುಹೋಗುತ್ತವೆ, ಭೌತಶಾಸ್ತ್ರದಲ್ಲಿ ನಡೆಯುವುದಿಲ್ಲ.

ಶಕ್ತಿಯನ್ನು ವಸ್ತುವಿನೊಳಗೆ ತುಂಬಿದ ಹಳದಿ ರಸದಂತೆ ಬಿಡಿಸಿರುವ ಚಿತ್ರಗಳು ಇನ್ನೂ ಅಪಾಯಕಾರಿ. ಕರೆಂಟು ತೆಗೆದ ನೀರಿನಲ್ಲಿ ಸತ್ವವಿರುವುದಿಲ್ಲವೆಂದು ನಮ್ಮ ಮಂಡ್ಯ ಸೀಮೆಯ ಹಿರಿಯರು ಹೇಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಈ ಚಿತ್ರಗಳು ಕಲಿಸುವುದೂ ಅದನ್ನೇ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಲು ಆರಂಭಿಸಿದ ಶಿವನಸಮುದ್ರದ ವಿದ್ಯುದಾಗಾರದಲ್ಲಿ ನೀರು ಟರ್ಬೈನಿಗೆ ಬಿಟ್ಟುಕೊಡುವುದು ತನ್ನ ಎತ್ತರದಿಂದ ಬಂದ ಶಕ್ತಿಯನ್ನೇ ಹೊರತು ಪೈರಿಗೆ ಬೇಕಾದ ಯಾವ ಸಾರವನ್ನೂ ಅಲ್ಲ. ಹತ್ತಿರದಲ್ಲೇ ಇರುವ ಈ ಉದಾಹರಣೆಯನ್ನು ಬಿಟ್ಟು, ಕೈಪಿಡಿಯವರು ಯಾವುದೋ ಹೆಸರಿಲ್ಲದ ಅಣೆಕಟ್ಟಿನ ಚಿತ್ರ ಹಾಕಿದ್ದಾರೆ.

ಹಣಕ್ಕೆ ತಕ್ಕದ್ದೆಂದರೆ ಡೈನಮೋ. ಆದರೆ ಎಲ್‌ಇಡಿ ಎಳೆದುಕೊಳ್ಳುವ ವಿದ್ಯುತ್ ತೀರ ಕಡಿಮೆಯಾದ್ದರಿಂದ ತಂತಿ ಜೋಡಿಸಿದರೂ ಬಿಡಿಸಿದರೂ ಹಿಡಿಕೆ ತಿರುಗಿಸುವಾಗ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹಳೆಯ ಟಾರ್ಚಿನ ಬಲ್ಬು ಸಿಕ್ಕಿಸಿದ ಕೂಡಲೇ ಹಿಡಿಕೆ ಬಿಗಿಯಾಯಿತು. ತಂತಿ ಕಿತ್ತರೆ ಹಗುರ. ಮೊಮ್ಮಗಳು ಅದನ್ನು ನಾಲ್ಕೈದು ಸಲ ಮಾಡಿ, ‘ತಾತ, ಬೆಳಕು ನನ್ನ ಕೈಯಿಂದಲೇ ಹೋಗುತ್ತಿದೆ’ ಎಂದಳು. ಪೆಟ್ಟಿಗೆ ಕೊಳ್ಳುವವರು ಅಂತಹ ಬಲ್ಬೊಂದನ್ನು ಬೇರೆಯಾಗಿ ತರಬೇಕು, ಕೈಪಿಡಿಯ ಮೂರನೇ ಪುಟವನ್ನು ಮಕ್ಕಳ ಕೈಗೆ ಕೊಡುವ ಮುನ್ನ ತಾವೇ ತಿದ್ದಬೇಕು.