ಮೆರ್ಲಿನ್ ಆ್ಯಪ್: ಕೆಸರಿಗಿಳಿದ ಗೊರವಗಳ ಮುಂದೆ ಎಷ್ಟು ನಂಬಬಹುದು?

ಹಕ್ಕಿಗಳನ್ನು ಗುರುತಿಸಿಕೊಡುವ, ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮೆರ್ಲಿನ್ ಆ್ಯಪ್ ಹಿತ್ತಲಿನ ಹಕ್ಕಿ, ಕಾಡಿನ ಹಕ್ಕಿಗಳಿಗೆ ಚೆನ್ನಾಗಿ ಒದಗುತ್ತದೆ. ಅದರ ಬಗ್ಗೆ ತಕರಾರಿಲ್ಲ. ಇಲ್ಲಿ ಪರೀಕ್ಷಿಸಿರುವುದು ಒಂದೇ ವಿಷಯವನ್ನು. ನವೆಂಬರಿನ ಬೆಳಿಗ್ಗೆ ಅಘನಾಶಿನಿ ಅಳಿವೆಯ ಕೆಸರಿನಲ್ಲೋ, ನೀರಿಳಿದ ಕೆರೆಯಂಗಳದಲ್ಲೋ ಬೂದುಬಣ್ಣದ ನೂರಾರು ಗೊರವ, ಪ್ಲೋವರ್‌ಗಳು (ಕೆಸರಿನಲ್ಲಿ ಮೇಯುವ ನೀರಂಚಿನ ಹಕ್ಕಿಗಳು) ಮೇಯುತ್ತಿರುವಾಗ ಅದು ಎಷ್ಟು ಕೆಲಸಕ್ಕೆ ಬರುತ್ತದೆ? ಪಟ್ಟಿ ಕೊಡುವುದರಲ್ಲಿ ಗಟ್ಟಿಗ, ತೀರ್ಪು ಕೊಡುವುದರಲ್ಲಿ ದುಡುಕ.

ಆ್ಯಪ್ ಉಚಿತ, ಜಾಹೀರಾತುಗಳ ಕಾಟವಿಲ್ಲ. ಹೊರಡುವ ಮುನ್ನ ನಿಮ್ಮ ಪ್ರದೇಶದ ಹಕ್ಕಿಗಳ ಮಾಹಿತಿಯ ಪ್ಯಾಕ್ ಇಳಿಸಿಕೊಂಡಿರಬೇಕು, ಮನೆಯ ವೈಫೈನಲ್ಲೇ. ಅಳಿವೆಯಂಚಿನ ಉಪ್ಪುನೀರಿನ ಗಜನಿ ಗದ್ದೆಯ ಏರಿಯ ಮೇಲೆ ನಿಂತು ಇಳಿಸಲು ಹೊರಟರೆ ಭರತ (ಸಮುದ್ರದ ನೀರೇರಿಕೆ) ಬಂದು ಹೋಗಿರುತ್ತದೆ.

ಮೊದಲು ಪ್ರಶ್ನೆ ಕೇಳಿ ಗುರುತಿಸುವ ವಿಭಾಗ. ಎಲ್ಲಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು ಎಂದು ಕೇಳುತ್ತದೆ. ಗಾತ್ರದ ಅಳತೆಗೋಲು ಗುಬ್ಬಚ್ಚಿಯಿಂದ ಹೆಬ್ಬಾತಿನವರೆಗೆ. ನಡುವಿನ ರಾಬಿನ್ ನಮ್ಮ ಮಡಿವಾಳ ಹಕ್ಕಿಯಲ್ಲ, ಅಮೆರಿಕದ ರಾಬಿನ್. ಸುಮಾರು 25 ಸೆಂ.ಮೀ. ಇರುತ್ತದೆ. ಇದು ತಿಳಿಯದೆ ಒತ್ತಿದರೆ ಪಟ್ಟಿಯೇ ಅಡ್ಡದಾರಿ ಹಿಡಿಯುತ್ತದೆ. ಬಣ್ಣ ಕೇಳಿದಾಗ ಮೈಬಣ್ಣವನ್ನಷ್ಟೇ ಕೊಡಿ. ಕಾಲು ಹಳದಿ ಇದೆಯೆಂದು ಹಳದಿ ಒತ್ತಬೇಡಿ.

ತೊಂದರೆಯ ಬೇರು ಇರುವುದೂ ಇಲ್ಲೇ. ಗೊರವಗಳನ್ನು ಬೇರ್ಪಡಿಸುವುದು ಕಾಲಿನ ಬಣ್ಣ, ಕೊಕ್ಕಿನ ಉದ್ದ ಮತ್ತು ಬಾಗು, ಹಾರುವಾಗ ಕಾಣುವ ಸೊಂಟ (ಬಾಲದ ಬುಡದ ಮೇಲ್ಭಾಗ) ಮತ್ತು ರೆಕ್ಕೆಯ ಪಟ್ಟಿ. ಆ್ಯಪ್ ಇವುಗಳಲ್ಲಿ ಒಂದನ್ನೂ ಕೇಳುವುದಿಲ್ಲ. ಬೂದು, ಬಿಳಿ, ಕಂದು ಎಂದು ಒತ್ತಿದರೆ ಲಿಟಲ್ ಸ್ಟಿಂಟ್, ಟೆಮಿಂಕ್ಸ್ ಸ್ಟಿಂಟ್, ಕೆಂಟಿಶ್ ಪ್ಲೋವರ್, ಕಾಮನ್ ಸ್ಯಾಂಡ್‌ಪೈಪರ್ ಎಲ್ಲವೂ ಒಂದೇ ಪಟ್ಟಿಯಲ್ಲಿ ಬಂದು ಕೂರುತ್ತವೆ. ಅಲ್ಲಿಂದ ಮುಂದೆ ನಿಮ್ಮ ಕಣ್ಣೇ ಗತಿ. ಕಾಲು ಕಪ್ಪಿದ್ದರೆ ಲಿಟಲ್ ಸ್ಟಿಂಟ್. ಮಾಸಲು ಹಳದಿಯಿದ್ದು, ಎದೆ ಒಂದೇ ಸಮ ಕಂದಾಗಿ, ಹಾರಿದಾಗ ಬಾಲದ ಅಂಚು ಬಿಳಿ ಹೊಳೆದರೆ ಟೆಮಿಂಕ್ಸ್. ಕೆಸರು ಮೆತ್ತಿದ ಕಾಲು ಎಲ್ಲ ಹಕ್ಕಿಗೂ ಕಪ್ಪೇ. ಅದು ನೀರಿಗಿಳಿದು ಕಾಲು ತೊಳೆದುಕೊಳ್ಳುವವರೆಗೆ ಕಾಯಿರಿ.

ಫೋಟೊ ಗುರುತಿಸುವ ವಿಭಾಗವೇ ಇದರ ಬಲ. ಚಿತ್ರ ಕೊಟ್ಟು, ಹಕ್ಕಿ ಚೌಕಟ್ಟು ತುಂಬುವಂತೆ ಹಿಗ್ಗಿಸಿ, ಸ್ಥಳ ಮತ್ತು ದಿನಾಂಕ ಹೇಳಬೇಕು. ಮೆಟ್ಟುಗಾಲು ಹಕ್ಕಿ, ಟಿಟ್ಟಿಭ, ಟರ್ನ್‌ಸ್ಟೋನ್, ಮೇಲಕ್ಕೆ ಬಾಗಿದ ಕೊಕ್ಕಿನ ಟೆರೆಕ್ ಸ್ಯಾಂಡ್‌ಪೈಪರ್ ಇಂಥವಕ್ಕೆ ಸುಮಾರಾದ ಫೋಟೊ ಸಾಕು. ಮಾರ್ಷ್ ಸ್ಯಾಂಡ್‌ಪೈಪರ್ ಮತ್ತು ಗ್ರೀನ್‌ಶ್ಯಾಂಕ್‌ಗೆ ಪೂರ್ತಿ ಪಕ್ಕದಿಂದ ತೆಗೆದದ್ದೇ ಬೇಕು. ಒಂದರದು ಸೂಜಿಯಂಥ ನೇರ ಕೊಕ್ಕು, ಇನ್ನೊಂದರದು ಬುಡದಲ್ಲಿ ದಪ್ಪಗಿದ್ದು ತುದಿಗೆ ತುಸು ಮೇಲೇಳುವ ಕೊಕ್ಕು. ಹಕ್ಕಿ ನಿಮ್ಮತ್ತ ಮುಖ ಮಾಡಿದ್ದರೆ ಈ ವ್ಯತ್ಯಾಸವೇ ಕಾಣುವುದಿಲ್ಲ. ಆಗಲೂ ಆ್ಯಪ್ ಸುಮ್ಮನಿರದೆ ಒಂದು ಹೆಸರು ಹೇಳಿಬಿಡುತ್ತದೆ. ಗಾತ್ರವೂ ಫೋಟೊದಲ್ಲಿ ಸಿಗುವುದಿಲ್ಲ. ಪಕ್ಕದಲ್ಲಿ ಗುರುತು ಸಿಕ್ಕ ಇನ್ನೊಂದು ಹಕ್ಕಿ ಇರುವ ಚಿತ್ರವನ್ನೂ ನಿಮಗಾಗಿ ತೆಗೆದಿಟ್ಟುಕೊಳ್ಳಿ.

ಕ್ಯಾಮೆರಾದ ಹಿಂಬದಿಯ ಪರದೆಯನ್ನೇ ಫೋನಿನಲ್ಲಿ ಕ್ಲಿಕ್ಕಿಸಿ ಕೊಡುವ ಚಾಳಿ ಎಲ್ಲೆಡೆ ಇದೆ. ಪರದೆಯ ಗೆರೆಗಳು ಪುಕ್ಕದ ಅಂಚಿನ ಮೇಲೆ ಹರಡಿ ರಗಳೆ ಮಾಡುತ್ತವೆ. ಕ್ಯಾಮೆರಾದಿಂದ ಫೋನಿಗೆ ಮೂಲಚಿತ್ರವನ್ನೇ ಕಳಿಸಿಕೊಳ್ಳಿ. ಬಿಸಿಲೇರಿದ ಮೇಲೆ ಕೆಸರಿನ ಮೇಲೆ ಝಳ ಕುಣಿಯುವುದರಿಂದ ಎಂಥ ಲೆನ್ಸ್ ಇದ್ದರೂ ಚಿತ್ರ ಮಸುಕು. ಸೂರ್ಯ ಬೆನ್ನ ಹಿಂದಿರಲಿ. ಭರತ ಏರುತ್ತ ಹಕ್ಕಿಗಳನ್ನು ದಂಡೆಯತ್ತ ನೂಕುವ ಕೊನೆಯ ಒಂದೆರಡು ಗಂಟೆ ಒಳ್ಳೆಯದು. ಸಮುದ್ರದ ಏರಿಳಿತದ ವೇಳಾಪಟ್ಟಿ ನೋಡದೆ ಹೋದವರಿಗೆ ಆ್ಯಪ್ ಇದ್ದೂ ಪ್ರಯೋಜನವಿಲ್ಲ.

ಹಾರುವ ಫೋಟೊವನ್ನು ತಪ್ಪಿಸಬೇಡಿ, ಕದಡಿದ್ದರೂ ಪರವಾಗಿಲ್ಲ. ಅದನ್ನು ನೋಡಬೇಕಾದವರು ನೀವು. ಗ್ರೇ ಪ್ಲೋವರಿನ ಬಗಲು ಕಪ್ಪು, ಸೊಂಟ ಬಿಳಿ. ಪೆಸಿಫಿಕ್ ಗೋಲ್ಡನ್‌ಗೆ ಎರಡೂ ಇಲ್ಲ. ಬ್ಲ್ಯಾಕ್-ಟೇಲ್ಡ್ ಗಾಡ್‌ವಿಟ್ ರೆಕ್ಕೆ ಬಿಚ್ಚಿದರೆ ಅಗಲ ಬಿಳಿಪಟ್ಟಿ, ಬಾರ್-ಟೇಲ್ಡ್‌ಗೆ ಇಲ್ಲ. ವುಡ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್‌ಗಳೆರಡಕ್ಕೂ ಸೊಂಟ ಬಿಳಿ. ರೆಕ್ಕೆಯ ಕೆಳಗೆ ನೋಡಿ: ತಿಳಿಬಣ್ಣವಾದರೆ ವುಡ್, ಕಪ್ಪಾದರೆ ಗ್ರೀನ್. ಕೂತಿದ್ದಾಗಲಾದರೆ ಹುಬ್ಬುಗೆರೆ ಕಣ್ಣಿನ ಹಿಂದಕ್ಕೂ ಹರಿದಿದ್ದರೆ ವುಡ್, ಕಣ್ಣಿನ ಮುಂದೆಯೇ ನಿಂತರೆ ಗ್ರೀನ್.

ಇದು ಪೂರ್ತಿ ಎಡವುವುದು ಸ್ಯಾಂಡ್ ಪ್ಲೋವರ್‌ಗಳಲ್ಲಿ. ಹಳೆಯ ಪುಸ್ತಕಗಳ ಲೆಸರ್ ಸ್ಯಾಂಡ್ ಪ್ಲೋವರ್ ಈಗ ಸೈಬೀರಿಯನ್, ಟಿಬೆಟನ್ ಎಂದು ಎರಡಾಗಿದೆ. ಆ್ಯಪಿನಲ್ಲಿ ಹುಡುಕುವಾಗ ಹೊಸ ಹೆಸರನ್ನೇ ಹಾಕಬೇಕು. ನಮ್ಮ ಕರಾವಳಿಯಲ್ಲಿ ಸಾಮಾನ್ಯವಾಗಿ ಕಾಣುವುದು ಟಿಬೆಟನ್. ಅದನ್ನು ಗ್ರೇಟರ್ ಸ್ಯಾಂಡ್ ಪ್ಲೋವರ್‌ನಿಂದ ಬೇರ್ಪಡಿಸಲು ಕೊಕ್ಕಿನ ಉದ್ದವನ್ನು ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿಯವರೆಗಿನ ಅಂತರದ ಜೊತೆ ಹೋಲಿಸಿ. ಕೊಕ್ಕೇ ಸ್ಪಷ್ಟವಾಗಿ ಉದ್ದವಾಗಿದ್ದು, ದಪ್ಪಗಿದ್ದು, ಕಾಲಿಗೆ ಹಸಿರು-ಹಳದಿ ಛಾಯೆಯಿದ್ದು, ಹಾರುವಾಗ ಬೆರಳುಗಳು ಬಾಲ ದಾಟಿ ಚಾಚಿದ್ದರೆ ಗ್ರೇಟರ್. ಒಂದೇ ಲಕ್ಷಣ ನೋಡಿ ತೀರ್ಮಾನಿಸಬೇಡಿ. ಚಳಿಗಾಲದ ಹಕ್ಕಿಯ ಒಂದೇ ಒಂದು ಫೋಟೊ ಕೊಟ್ಟು ಆ್ಯಪ್ ಹೇಳಿದ್ದನ್ನು ಬರೆದುಕೊಳ್ಳುವುದು, ಸ್ಯಾಂಡ್ ಪ್ಲೋವರ್‌ಗಳ ಮಟ್ಟಿಗೆ, ನಾಣ್ಯ ಚಿಮ್ಮಿದಂತೆಯೇ.

ದನಿ ಗುರುತಿಸುವ ವಿಭಾಗ ಕಡಲತೀರದಲ್ಲಿ ಗಾಳಿ, ಅಲೆಗಳ ಸದ್ದಿಗೆ ಸೋಲುತ್ತದೆ. ಒಳನಾಡಿನ ಕೆರೆಯಲ್ಲಿ ಪರವಾಗಿಲ್ಲ. ಹಕ್ಕಿ ಎದ್ದು ಹಾರುವಾಗ ಕೂಗುವುದರಿಂದ, ಹತ್ತಿರ ಹೋಗುವ ಮುಂಚೆಯೇ ರೆಕಾರ್ಡಿಂಗ್ ಚಾಲೂ ಮಾಡಿರಬೇಕು. ಕೂಗಿದ ಮೇಲೆ ಗುಂಡಿ ಒತ್ತಿದರೆ ಸಿಗುವುದು ಗಾಳಿಯ ಸದ್ದು ಮಾತ್ರ. ಗ್ರೀನ್‌ಶ್ಯಾಂಕಿನ ಮೂರು ಸಮನಾದ ‘ಟ್ಯೂ-ಟ್ಯೂ-ಟ್ಯೂ’, ವಿಂಬ್ರೆಲ್‌ನ ಏಳೆಂಟು ಸ್ವರಗಳ ಕಿಲಕಿಲ, ಟೆಮಿಂಕ್ಸ್‌ನ ಮಿಡತೆಯಂಥ ಟ್ರಿರ್ರ್: ಇವನ್ನು ಆ್ಯಪಿನಲ್ಲೇ ಇರುವ ಧ್ವನಿಮುದ್ರಣ ಕೇಳಿ ಕಲಿತುಕೊಂಡರೆ ಕಿವಿಗೆ ಫೋನಿನ ಹಂಗಿರುವುದಿಲ್ಲ. ಆ ಮುದ್ರಣವನ್ನು ಹಕ್ಕಿಯ ಎದುರು ಜೋರಾಗಿ ಹಾಕಬಾರದು.

ಪ್ರತಿ ಹಕ್ಕಿಯ ಪುಟದಲ್ಲಿ ಹಲವು ಚಿತ್ರಗಳಿವೆ. ಮೊದಲನೆಯದು ಸಂತಾನಕಾಲದ ಕೆಂಪು-ಕಪ್ಪು ವೇಷದ್ದಾಗಿದ್ದರೆ ಅಲ್ಲೇ ನಿಲ್ಲದೆ ಸರಿಸುತ್ತ ಹೋಗಿ; ನಮ್ಮಲ್ಲಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ ಇರುವುದು ಬೂದು ವೇಷ. ಆಗಸ್ಟ್-ಸೆಪ್ಟೆಂಬರಿನಲ್ಲಿ ಬಂದಿಳಿಯುವ ಮರಿಗಳು, ಅರೆಬರೆ ಬಣ್ಣ ಉದುರಿದ ದೊಡ್ಡವು ಯಾವ ಚಿತ್ರಕ್ಕೂ ಸರಿಹೊಂದುವುದಿಲ್ಲ. ಹೊಸಬರು ಆ ಎರಡು ತಿಂಗಳು ಆ್ಯಪನ್ನು ಸಂಶಯದಿಂದಲೇ ನೋಡುವುದು ಒಳ್ಳೆಯದು.

ಗೊರವಗಳ ಮಟ್ಟಿಗೆ ನಮ್ಮ ಅಂಕ ಐದಕ್ಕೆ ಮೂರು. ಉಳಿದೆರಡನ್ನು ಕಳೆದದ್ದು ಮುಖ್ಯವಾಗಿ ಒಂದು ಕಾರಣಕ್ಕೆ: ‘ಗೊತ್ತಾಗಲಿಲ್ಲ’ ಎನ್ನುವ ಆಯ್ಕೆ ಇದರಲ್ಲಿಲ್ಲ, ಯಾವುದಾದರೊಂದು ಜಾತಿಯನ್ನೇ ಆರಿಸಬೇಕು. ಕಂಡ ಹಕ್ಕಿಗಳನ್ನು ದಾಖಲಿಸುವ, ಇದೇ ಪ್ರಯೋಗಾಲಯದ ಇ-ಬರ್ಡ್‌ನಲ್ಲಿ ಜಾತಿ ತಿಳಿಯದ ಗೊರವಗಳನ್ನು ಗುಂಪಿನ ಹೆಸರಿನಲ್ಲೇ ದಾಖಲಿಸಬಹುದು. ಆದ್ದರಿಂದ ಮೆರ್ಲಿನ್‌ನಲ್ಲಿ ಹೆಸರು ಹುಡುಕಿ, ಕಾಲು-ಕೊಕ್ಕು-ಸೊಂಟ ಮೂರನ್ನೂ ನೋಡಿ, ಮೂರರಲ್ಲಿ ಎರಡು ಕಾಣದಿದ್ದರೆ ಇ-ಬರ್ಡ್‌ನಲ್ಲಿ ಗುಂಪಿನ ಹೆಸರು ಬರೆದು ಫೋಟೊ ಲಗತ್ತಿಸಿ. ಯಾರಾದರೂ ನೋಡಿ ಹೇಳಿದರೆ ಆಮೇಲೆ ತಿದ್ದಿಕೊಂಡರಾಯಿತು.