ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟುವ ಮೊದಲು ಡಿಪಾರ್ಟ್‌ಮೆಂಟ್‌ನಲ್ಲಿ ಕೇಳಿ

ಬರೀ 2 ಕ್ರೆಡಿಟ್‌ಗೆ ನನ್ನ ಒಂದು ವರ್ಷ ಹೋಯಿತು. ಜೊತೆಗೆ 5,500 ರೂಪಾಯಿಯೂ ಹೋಯಿತು. ಈಗ ಆರನೇ ಸೆಮಿಸ್ಟರ್‌ನಲ್ಲಿರುವ ಅರ್ಥಶಾಸ್ತ್ರದ ಹುಡುಗ ಹುಡುಗಿಯರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನು ದಾವಣಗೆರೆ ಕಡೆಯವಳು. 2021ರಲ್ಲಿ ಬಿ.ಎ. ಸೇರಿದೆ. ಕರ್ನಾಟಕದಲ್ಲಿ ಎನ್‌ಇಪಿ, ಅಂದರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಬಂದ ಮೊದಲ ಬ್ಯಾಚ್ ನಮ್ಮದು. ಕೊನೆಯ ಸೆಮಿಸ್ಟರ್‌ನಲ್ಲಿ 90 ಗಂಟೆಯ ಇಂಟರ್ನ್‌ಶಿಪ್ ಇತ್ತು, ಅದಕ್ಕೆ 2 ಕ್ರೆಡಿಟ್. "ನೀವೇ ಎಲ್ಲಾದರೂ ಹುಡುಕಿಕೊಳ್ಳಿ" ಅಂದರು ಕಾಲೇಜಿನಲ್ಲಿ. ಬಿ.ಕಾಂ.ನವರು ಆಡಿಟರ್ ಆಫೀಸಿಗೆ ಹೋದರು. ನಾವು ಎಲ್ಲಿಗೆ ಹೋಗಬೇಕು? ಅರ್ಥಶಾಸ್ತ್ರ ಓದುವವಳಿಗೆ ಏನು ಕೆಲಸ ಕೊಡೋದು ಅಂತ ಯಾರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಎರಡು ಬ್ಯಾಂಕಿಗೆ ಹೋಗಿ ಕೇಳಿದೆ. "ಮೇಲಿನವರ ಪರ್ಮಿಷನ್ ಬೇಕಮ್ಮ" ಅಂತ ವಾಪಸ್ ಕಳಿಸಿದರು.

ಆಗ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. "ಎಕನಾಮಿಕ್ ರಿಸರ್ಚ್ ಇಂಟರ್ನ್‌ಶಿಪ್, ಮನೆಯಿಂದಲೇ ಕೆಲಸ, ಯುಜಿಸಿ ಮಾನ್ಯತೆ, ಕ್ರೆಡಿಟ್ ನೇರ ನಿಮ್ಮ ಎಬಿಸಿ ಖಾತೆಗೆ." ಯುಜಿಸಿ ಅಂದರೆ ಯೂನಿವರ್ಸಿಟಿಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ. ಫೀಸು 3,999. ಅರ್ಜಿ ಹಾಕಿ ಒಂದು ಗಂಟೆಯೊಳಗೆ ಆಫರ್ ಲೆಟರ್ ಬಂತು. ಯಾರೂ ಮಾತಾಡಿಸಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಲೆಟರ್ ಕೆಳಗೆ ಐಎಸ್‌ಒ, ಎಂಎಸ್‌ಎಂಇ ಅಂತ ಲೋಗೋಗಳು. ಅದನ್ನು ನೋಡಿ ನಂಬಿದೆ. ಅಪ್ಪ ಡೈರಿಯ ಹಾಲಿನ ಬಟವಾಡೆ ದುಡ್ಡು ತೆಗೆದುಕೊಟ್ಟರು.

ಆ ಲೋಗೋಗಳ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಎಂಎಸ್‌ಎಂಇ, ಅಂದರೆ ಸಣ್ಣ, ಮಧ್ಯಮ ಉದ್ಯಮಗಳ ಉದ್ಯಮ್ ನೋಂದಣಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಪುಕ್ಕಟೆ ಮಾಡಿಸಬಹುದು. ತಮ್ಮ ಉದ್ಯಮದ ವಿವರ ತಾವೇ ಬರೆದುಕೊಟ್ಟರೆ ಸಾಕು. ಆ ಸಂಸ್ಥೆ ಒಳ್ಳೆಯ ತರಬೇತಿ ಕೊಡುತ್ತದೆ ಅಂತ ಅದರ ಅರ್ಥ ಅಲ್ಲವೇ ಅಲ್ಲ. ಇನ್ನು ಎಬಿಸಿ, ಅಂದರೆ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್, ನಾವು ಗಳಿಸಿದ ಕ್ರೆಡಿಟ್ ಜಮಾ ಆಗುವ ಆನ್‌ಲೈನ್ ಖಾತೆ. ಅದಕ್ಕೆ ಕ್ರೆಡಿಟ್ ಹಾಕುವುದು ಅದರಲ್ಲಿ ನೋಂದಾಯಿಸಿಕೊಂಡ ಯೂನಿವರ್ಸಿಟಿ, ಕಾಲೇಜಿನಂಥ ಶಿಕ್ಷಣ ಸಂಸ್ಥೆಗಳು ಮಾತ್ರ. ವಿದ್ಯಾರ್ಥಿಯೂ ಹಾಕೋಕೆ ಆಗಲ್ಲ, ವಾಟ್ಸಾಪ್‌ನಲ್ಲಿ ಸಿಕ್ಕ ಕಂಪನಿಯೂ ಹಾಕೋಕೆ ಆಗಲ್ಲ. ಈ ಒಂದು ವಿಷಯ ಅವತ್ತು ಗೊತ್ತಿದ್ದರೆ ನಾನು ದುಡ್ಡು ಕಟ್ಟುತ್ತಲೇ ಇರಲಿಲ್ಲ.

ಕೆಲಸ ಅಂತ ಏನು ಕೊಟ್ಟರು? ಮೊದಲ ವಾರ ಎರಡು ರೆಕಾರ್ಡ್ ಮಾಡಿದ ವಿಡಿಯೋ. ಆಮೇಲೆ ಹಣದುಬ್ಬರದ ಮೇಲೆ ಒಂದು ಸಿದ್ಧ ಪಿಡಿಎಫ್. "ಇದನ್ನು ನಿಮ್ಮ ಹೆಸರಿನಲ್ಲಿ ರಿಪೋರ್ಟ್ ಮಾಡಿ" ಅಂದರು. ಮೂರನೇ ವಾರ, ಐದು ಜನರನ್ನು ಸೇರಿಸಿದರೆ ಫೀಸು ವಾಪಸ್ ಅಂತ ಒಂದು ಲಿಂಕ್ ಕಳಿಸಿದರು. ನಾನು ನಾಲ್ಕು ಜನಕ್ಕೆ ಕಳಿಸಿದೆ. ಅವರಲ್ಲಿ ಒಬ್ಬಳು ಸೇರಿದಳು. ಕೊನೆಗೆ ಸರ್ಟಿಫಿಕೇಟ್ ಜೊತೆ ಶಿಫಾರಸು ಪತ್ರವೂ ಬೇಕಾದರೆ ಇನ್ನೂ 1,501 ರೂಪಾಯಿ ಅಂದರು. ಇಷ್ಟು ಕಟ್ಟಿದ ಮೇಲೆ ಇದೊಂದು ಯಾಕೆ ಬಿಡಬೇಕು ಅಂತ ಅದನ್ನೂ ಕಟ್ಟಿದೆ.

ವೈವಾ, ಅಂದರೆ ಮೌಖಿಕ ಪರೀಕ್ಷೆಯ ದಿನ ಎಲ್ಲ ಬಯಲಾಯಿತು. ನಮ್ಮ ಸರ್ ರಿಪೋರ್ಟ್ ತಿರುವಿ ಹಾಕಿ ಒಂದು ಟೇಬಲ್ ಮೇಲೆ ಬೆರಳಿಟ್ಟರು. "ಗ್ರಾಹಕ ಬೆಲೆ ಸೂಚ್ಯಂಕದ ಮೂಲ ವರ್ಷ 2010 ಅಂತ ಬರೆದಿದ್ದೀಯ. 2015ರಲ್ಲೇ ಅದು 2012ಕ್ಕೆ ಬದಲಾಯಿತಲ್ಲಮ್ಮ. 2024ರಲ್ಲಿ ಮಾಡಿದ ರಿಪೋರ್ಟ್‌ನಲ್ಲಿ ಇದು ಹೇಗೆ ಬಂತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂಲ ವರ್ಷ ಅಂದರೆ ಬೆಲೆ ಎಷ್ಟು ಏರಿತು ಅಂತ ಯಾವ ವರ್ಷದ ಜೊತೆ ಹೋಲಿಸುತ್ತಾರೋ ಅದು, ಆ ಪಾಠ ಕ್ಲಾಸಿನಲ್ಲಿ ಕೇಳಿದ್ದೆ. ಆದರೆ ಆ ಟೇಬಲ್ ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ನಮ್ಮ ಕ್ಲಾಸಿನ ಎಂಟು ಜನರ ರಿಪೋರ್ಟ್‌ನಲ್ಲಿ ಅದೇ ಟೇಬಲ್ ಇತ್ತು. "ಯಾವ ದಿನ ಎಷ್ಟು ಗಂಟೆ ಕೆಲಸ ಮಾಡಿದೆ? ಹಾಜರಿ ಎಲ್ಲಿ? ಮೇಲ್ವಿಚಾರಕರು ಯಾರು?" ಅಂದರು. ಸರ್ಟಿಫಿಕೇಟ್‌ನಲ್ಲಿದ್ದ ನಂಬರಿಗೆ ಅಲ್ಲೇ ಫೋನ್ ಮಾಡಿಸಿದರು. ಸ್ವಿಚ್ ಆಫ್.

ಅಂಕ ಕೊಡಲಿಲ್ಲ. ಯುಯುಸಿಎಂಎಸ್, ಅಂದರೆ ರಾಜ್ಯದ ಯೂನಿವರ್ಸಿಟಿಗಳು ಅಂಕ ಏರಿಸುವ ಆನ್‌ಲೈನ್ ವ್ಯವಸ್ಥೆಯಲ್ಲಿ ಇಂಟರ್ನ್‌ಶಿಪ್ ಅಂಕ ಏರದೆ ನನ್ನ ಡಿಗ್ರಿ ಪೂರ್ತಿ ಆಗಲಿಲ್ಲ. ಉಳಿದ ಎಲ್ಲ ವಿಷಯ ಪಾಸ್. ಆ ವರ್ಷದ ಎಂ.ಎ. ಪ್ರವೇಶ ತಪ್ಪಿತು. ಸರ್ ಮಾಡಿದ್ದು ಸರಿ, ನನಗೆ ಅವರ ಮೇಲೆ ಬೇಜಾರಿಲ್ಲ. ಆದರೆ ಜನವರಿಯಲ್ಲೇ ನಮ್ಮನ್ನು ಕೂರಿಸಿಕೊಂಡು ಅರ್ಧ ಗಂಟೆ ಹೇಳಬೇಕಿತ್ತು: ಎಂಥ ಜಾಗ ನಡೆಯುತ್ತದೆ, ಯಾವ ಪತ್ರ ಬೇಕು, ಯಾರ ಸಹಿ ಬೇಕು ಅಂತ. ಇದನ್ನು ಯಾವ ಕಾಲೇಜಿನವರು ಓದಿದರೂ ಕೈಮುಗಿದು ಕೇಳುತ್ತೇನೆ, ಅಷ್ಟು ಮಾಡಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆ, ತಡವಾಗಿ. ದುಡ್ಡು ಕಟ್ಟಿ ಆಗಲೇ ನಾಲ್ಕು ತಿಂಗಳಾಗಿತ್ತು. ವಾಪಸ್ ಬಂದಿಲ್ಲ. ನಿಮಗೆ ಹೀಗಾದರೆ ಅವತ್ತೇ ಫೋನ್ ಮಾಡಿ.

ಮರುವರ್ಷ ಸರ್ ಅವರೇ ದಾರಿ ತೋರಿಸಿದರು. ಕಾಲೇಜಿನ ಪತ್ರ ಹಿಡಿದು ಎಪಿಎಂಸಿಗೆ ಹೋದೆ. ಇಪ್ಪತ್ತೈದು ದಿನ, ಬೆಳಿಗ್ಗೆ ಹೋಗಿ ಮಧ್ಯಾಹ್ನದವರೆಗೆ ಅಲ್ಲೇ. ಮೆಕ್ಕೆಜೋಳದ ಆವಕ ಎಷ್ಟು, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ ಏನು ಅಂತ ದಿನಾ ಬರೆದುಕೊಂಡೆ. ಮೋಡಲ್ ಅಂದರೆ ಸರಾಸರಿ ಅಂದುಕೊಂಡಿದ್ದೆ. ಅಲ್ಲ. ಅವತ್ತು ಜಾಸ್ತಿ ಮಾಲು ಯಾವ ದರಕ್ಕೆ ಹೋಯಿತೋ ಅದು. ಒಬ್ಬ ಹಮಾಲರು ನನಗೆ ಅದನ್ನು ಒಂದೇ ನಿಮಿಷದಲ್ಲಿ ತಿಳಿಸಿಕೊಟ್ಟರು, ಚೀಲದ ರಾಶಿ ತೋರಿಸಿ. 2024-25ಕ್ಕೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,225 ರೂಪಾಯಿ ಇತ್ತು. ದಿನದ ದರವನ್ನು ಅದರ ಪಕ್ಕ ಇಟ್ಟು ನೋಡುವುದೇ ನನ್ನ ರಿಪೋರ್ಟ್. ತೇವ ಜಾಸ್ತಿ ಇದ್ದ ಮಾಲಿಗೆ ಎಷ್ಟು ಕಡಿಮೆ ಕೊಡುತ್ತಾರೆ ಅಂತ ರೈತರನ್ನು ಕೇಳಿ ಬರೆದೆ. ಒಂದು ರೂಪಾಯಿ ಫೀಸು ಇಲ್ಲ. ವೈವಾದಲ್ಲಿ ಸರ್ ಅರ್ಧ ಗಂಟೆ ಮಾತಾಡಿಸಿದರು.

ಹಾಗಾಗಿ, ಜಾಗ ಸಿಗುವುದಿಲ್ಲ ಅಂತ ಹೆದರಬೇಡಿ. ಊರಿನ ವ್ಯವಸಾಯ ಸೇವಾ ಸಹಕಾರ ಸಂಘ, ಹಾಲಿನ ಡೈರಿ, ಗ್ರಾಮ ಪಂಚಾಯಿತಿ, ಎಲ್ಲ ಕಡೆ ಲೆಕ್ಕದ ಪುಸ್ತಕ ಇದೆ. ಅರ್ಥಶಾಸ್ತ್ರಕ್ಕೆ ಇನ್ನೇನು ಬೇಕು? ಆದರೆ ಕೆಲಸ ಶುರು ಮಾಡುವ ಮೊದಲೇ ಡಿಪಾರ್ಟ್‌ಮೆಂಟ್‌ನಿಂದ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಸಾಲದು. ದಿನಾಂಕ, ಗಂಟೆ ಬರೆದ ದಿನಚರಿ ಪುಸ್ತಕಕ್ಕೆ ಅಲ್ಲಿಯವರ ಸಹಿ ವಾರವಾರ ಹಾಕಿಸಿ. ಗಂಟೆಯ ಲೆಕ್ಕ ನಿಮ್ಮ ಬ್ಯಾಚಿನ ಸಿಲಬಸ್‌ನಲ್ಲೇ ನೋಡಿ. ಯುಜಿಸಿ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್‌ಗೆ 30 ಗಂಟೆ, ನಮಗೆ 2 ಕ್ರೆಡಿಟ್‌ಗೆ 90 ಇತ್ತು. 2024-25ರಿಂದ ಸೇರಿದವರಿಗೆ ರಾಜ್ಯದಲ್ಲಿ ಪಠ್ಯಕ್ರಮವೇ ಬದಲಾಗಿದೆ. ಸೀನಿಯರ್‌ಗಳ ಮಾತು ನಿಮಗೆ ಹೊಂದದೇ ಇರಬಹುದು.

ನೀತಿ ಆಯೋಗ ಇಂಟರ್ನ್‌ಗಳಿಗೆ ಸಂಬಳ ಕೊಡುವುದಿಲ್ಲ, ಆದರೆ ಅವರಿಂದ ದುಡ್ಡೂ ಕೇಳುವುದಿಲ್ಲ. ರಿಸರ್ವ್ ಬ್ಯಾಂಕ್ ತನ್ನ ಬೇಸಿಗೆ ಇಂಟರ್ನ್‌ಗಳಿಗೆ ತಾನೇ ಸ್ಟೈಪೆಂಡ್ ಕೊಡುತ್ತದೆ. ಅಂಥ ಜಾಗಗಳೇ ಕೇಳದ ಫೀಸನ್ನು ಇವರು ಯಾಕೆ ಕೇಳುತ್ತಾರೆ ಅಂತ ನಾನು ಯೋಚಿಸಬೇಕಿತ್ತು.

ನಮ್ಮ ಎಂಟು ಜನರಲ್ಲಿ ಆರು ಜನ ಮುಗಿಸಿಕೊಂಡೆವು. ಇಬ್ಬರದು ಇನ್ನೂ ಬಾಕಿ ಇದೆ. ಅವರಲ್ಲಿ ಒಬ್ಬಳು ನಾನು ಲಿಂಕ್ ಕಳಿಸಿದವಳು. ಆಮೇಲೆ ಅವಳಿಗೆ ಮದುವೆ ಆಯಿತು, ಕಾಲೇಜಿನ ಕಡೆ ಬರಲೇ ಇಲ್ಲ. ಮೊನ್ನೆ ಅವಳ ಮನೆಗೆ ಹೋಗಿ ಅತ್ತೆಯವರ ಹತ್ತಿರ ಮಾತಾಡಿದೆ, ಒಪ್ಪಿದರು. ಅವಳ ಊರಿನ ಡೈರಿಯ ಕಾರ್ಯದರ್ಶಿ ಪತ್ರ ಕೊಡುತ್ತೇನೆ ಅಂದಿದ್ದಾರೆ. ಸೋಮವಾರ ಇಬ್ಬರೂ ಡಿಪಾರ್ಟ್‌ಮೆಂಟ್‌ಗೆ ಹೋಗುತ್ತಿದ್ದೇವೆ.